ನಕ್ಷೆಯ ಮುಕ್ತ ತಂತ್ರಾಂಶಗಳು: ಮೇಜಿನ ಯಂತ್ರದ್ದು ಮತ್ತು ಅಂತರಜಾಲದ್ದು – ಇವುಗಳ ಸಾಧಕಬಾಧಕಗಳು

ಭೂಮಿಯನ್ನುಳ್ಳವರಿಗೆ ತಮ್ಮ ಭೂಮಿಯ ಎಲ್ಲೆ, ವಿಸ್ತೀರ್ಣ, ನೀರು ಹರಿದುಹೋಗುವ ದಿಕ್ಕು ಇವುಗಳ ತಿಳಿವಳಿಕೆಯು ಬಿತ್ತನೆ ಬೀಜದ ಗುಣದ ತಿಳಿವಳಿಕೆಯಷ್ಟೇ ಅವಶ್ಯಕವಾದುದು. ೩೩ ಅಡಿಯ ಸರಪಳಿಯಿಂದ ಅಳೆದು ಬರೆದ ಟಿಪ್ಪಣಿಯೂ ಗ್ರಾಮನಕ್ಷೆಯೂ ಈ ತಿಳಿವಳಿಕೆಗೆ ಬಹುಕಾಲದಿಂದ ಆಧಾರವಾಗಿವೆ. ಆ ಸರಪಳಿಯ ಒಂದು ಚದರವೇ ಒಂದು ಗುಂಟೆ. ೪೦ ಗುಂಟೆಗೆ ಒಂದು ಎಕರೆ. ಈಗ ಇವೇ ನಕ್ಷೆಗಳು ಗಣಕಯಂತ್ರದ ಪರದೆಯ ಮೇಲೂ, ಅಂಗೈಯಲ್ಲಿ ಹಿಡಿಯುವ ಮೊಬೈಲಿನಲ್ಲೂ ಕಾಣಬರುತ್ತಿವೆ. ಕೆರೆಯ ಅಚ್ಚುಕಟ್ಟನ್ನು ಗುರುತಿಸುವುದಕ್ಕೂ, ಒತ್ತುವರಿಯನ್ನು ಕಂಡುಹಿಡಿಯುವುದಕ್ಕೂ, ಬದುಗಳನ್ನು ಎಲ್ಲಿ ಹಾಕಬೇಕೆಂದು ಯೋಚಿಸುವುದಕ್ಕೂ ಗ್ರಾಮದವರು ಇವನ್ನು ಉಪಯೋಗಿಸಲಾರಂಭಿಸಿದ್ದಾರೆ.

ಆದರೆ ನಕ್ಷೆಯನ್ನು ನೋಡುವ ಮತ್ತು ಬರೆಯುವ ಸಾಧನಗಳಲ್ಲಿ ಎರಡು ಬಗೆಗಳುಂಟು. ಒಂದನ್ನು ಮೇಜಿನ ಮೇಲಿನ ಗಣಕಯಂತ್ರದಲ್ಲಿಯೇ ಸ್ಥಾಪಿಸಿಕೊಳ್ಳಬೇಕು. ಇನ್ನೊಂದನ್ನು ಅಂತರಜಾಲದ ಮೂಲಕ ಬ್ರೌಸರಿನಲ್ಲಿ ತೆರೆದು ನೋಡಬಹುದು. ಇವೆರಡೂ ಒಂದೇ ಎಂದು ಕೆಲವರು ತಿಳಿದಿರುವರು. ಎರಡನೆಯದು ಬಂದಮೇಲೆ ಮೊದಲನೆಯದು ನಿರುಪಯೋಗಿಯಾಯಿತೆಂದು ಮತ್ತೆ ಕೆಲವರು ಹೇಳುವರು. ಎರಡು ಅಭಿಪ್ರಾಯಗಳೂ ಸರಿಯಲ್ಲ. ಯಾವ ಕೆಲಸಕ್ಕೆ ಯಾವುದು ತಕ್ಕದ್ದೆಂಬುದನ್ನು ತಿಳಿಯದೆ ಹೊರಟರೆ ಶ್ರಮವು ವ್ಯರ್ಥವಾಗುವುದಲ್ಲದೆ, ವಿಸ್ತೀರ್ಣದ ಲೆಕ್ಕವೇ ತಪ್ಪಿ ನೆರೆಹೊರೆಯವರಲ್ಲಿ ವ್ಯಾಜ್ಯಕ್ಕೂ ಕಾರಣವಾದೀತು. ಆದಕಾರಣ ಇವುಗಳ ಸಾಧಕಬಾಧಕಗಳನ್ನು ಕೆಳಗೆ ವಿವರಿಸಿದೆ.

ಮುಕ್ತ ತಂತ್ರಾಂಶವೆಂದರೇನು?

ತಂತ್ರಾಂಶವೆಂಬುದು ಗಣಕಯಂತ್ರವು ಯಾವ ಕೆಲಸವನ್ನು ಹೇಗೆ ಮಾಡಬೇಕೆಂಬ ಆದೇಶಗಳ ಸಮುದಾಯ. ಈ ಆದೇಶಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಿ, ತಿದ್ದಿ, ಇತರರಿಗೂ ಹಂಚಲು ಅನುಮತಿಯಿದ್ದರೆ ಅದು ಮುಕ್ತ ತಂತ್ರಾಂಶವೆನಿಸುತ್ತದೆ. ಮರದ ನೇಗಿಲಿನ ರಚನೆಯು ಊರಿನ ಬಡಗಿಗೆ ಮರೆಯಾಗಿಲ್ಲ. ಮುರಿದರೆ ಅವನೇ ಸರಿಮಾಡಬಲ್ಲನು, ತನ್ನ ನೆಲಕ್ಕೆ ತಕ್ಕಂತೆ ಮಾರ್ಪಡಿಸಲೂ ಬಲ್ಲನು. ಮುಕ್ತ ತಂತ್ರಾಂಶವೂ ಇದೇ ಬಗೆಯದು. ಇದಕ್ಕೆ ಪರವಾನಗಿಯ ಶುಲ್ಕವನ್ನು ತೆರಬೇಕಾಗಿಲ್ಲ.

ನಕ್ಷೆಯ ಮುಕ್ತ ತಂತ್ರಾಂಶಗಳಲ್ಲಿ ಬಹಳ ಹಳೆಯದಾದ ಗ್ರಾಸ್ ಎಂಬುದನ್ನು ೧೯೮೨ರಲ್ಲಿ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿರುವ ಸೈನ್ಯದ ಒಂದು ಸಂಶೋಧನಾಲಯದಲ್ಲಿ ಪ್ರಾರಂಭಿಸಿದರು. ಅಲಾಸ್ಕದ ಗ್ಯಾರಿ ಶೆರ್ಮನ್ ಎಂಬವರು ೨೦೦೨ರಲ್ಲಿ ಕ್ಯೂಜಿಐಎಸ್ ಎಂಬುದನ್ನು ಆರಂಭಿಸಿದರು. ಇದರ ಮೊದಲನೆಯ ಪೂರ್ಣ ಆವೃತ್ತಿಯು ೨೦೦೯ರಲ್ಲಿ ಹೊರಬಿತ್ತು. ಇಂತಹ ಕೆಲಸಗಳನ್ನು ಒಂದುಗೂಡಿಸಿ ಪೋಷಿಸುವುದಕ್ಕಾಗಿ ೨೦೦೬ರಲ್ಲಿ ಓಎಸ್‌ಜಿಯೋ ಎಂಬ ಪ್ರತಿಷ್ಠಾನವು ಸ್ಥಾಪಿತವಾಯಿತು.

ಮೇಜಿನ ಯಂತ್ರದ ತಂತ್ರಾಂಶ

ಕ್ಯೂಜಿಐಎಸ್ ಈ ವರ್ಗಕ್ಕೆ ಸೇರಿದ್ದು. ಇದನ್ನು ಒಮ್ಮೆ ಯಂತ್ರಕ್ಕೆ ಇಳಿಸಿಕೊಂಡಮೇಲೆ ಅಂತರಜಾಲವಿಲ್ಲದಿದ್ದರೂ ಕೆಲಸವು ನಡೆಯುತ್ತದೆ. ನಕ್ಷೆಯ ಕಡತಗಳು ಉಪಯೋಗಿಸುವವರ ಯಂತ್ರದಲ್ಲಿಯೇ ಇರುತ್ತವೆ. ಹಳೆಯ ಗ್ರಾಮನಕ್ಷೆಯ ಪ್ರತಿಯನ್ನು ಸ್ಕ್ಯಾನ್ ಮಾಡಿ ಭೂಮಿಯ ಮೇಲಿನ ಅದರ ನಿಜವಾದ ಸ್ಥಾನದಲ್ಲಿ ಕೂರಿಸುವುದು, ಸರ್ವೆ ನಂಬರುಗಳ ಗೆರೆಗಳನ್ನು ಎಳೆಯುವುದು, ಪ್ರತಿ ತಾಕಿನ ಮಣ್ಣು, ಬೆಳೆ, ನೀರಾವರಿಯ ವಿವರಗಳನ್ನು ಪಟ್ಟಿಯಲ್ಲಿ ಸೇರಿಸುವುದು, ಎತ್ತರ ತಗ್ಗುಗಳ ಅಂಕಿಗಳಿಂದ ನೀರಿನ ಹರಿವನ್ನು ಲೆಕ್ಕಹಾಕುವುದು, ಕೊನೆಗೆ ಅಳತೆಗೆ ಸರಿಯಾಗಿ ಕಾಗದದ ಮೇಲೆ ಮುದ್ರಿಸುವುದು – ಇವೆಲ್ಲವೂ ಇದರಿಂದ ಸಾಧ್ಯ.

ಇದರಲ್ಲಿ ನ್ಯೂನತೆಗಳೂ ಇಲ್ಲದಿಲ್ಲ. ಇದನ್ನು ಕಲಿಯಲು ಕೆಲವು ವಾರಗಳ ಅಭ್ಯಾಸವು ಬೇಕು. ಸಾಧಾರಣ ಶಕ್ತಿಯುಳ್ಳ ಗಣಕಯಂತ್ರವೂ ಅದಕ್ಕೆ ವಿದ್ಯುತ್ತೂ ಇರಬೇಕು. ಯಂತ್ರವು ಕೆಟ್ಟರೆ ಅದರೊಳಗಿನ ನಕ್ಷೆಯೂ ಹೋಗುವುದರಿಂದ ಪ್ರತಿಗಳನ್ನು ತೆಗೆದಿಡುವ ಭಾರವು ಉಪಯೋಗಿಸುವವರ ಮೇಲೆಯೇ ಬೀಳುತ್ತದೆ. ಒಬ್ಬರು ತಿದ್ದಿದ್ದು ಮತ್ತೊಬ್ಬರಿಗೆ ತಾನಾಗಿ ತಿಳಿಯುವುದಿಲ್ಲ. ಹಾಗೆ ತಿಳಿಯಬೇಕಾದರೆ ಎಲ್ಲರಿಗೂ ಸಾಮಾನ್ಯವಾದ ಒಂದು ದತ್ತಾಂಶ ಭಂಡಾರವನ್ನು ಪ್ರತ್ಯೇಕವಾಗಿ ಏರ್ಪಡಿಸಬೇಕು.

ಅಂತರಜಾಲದ ತಂತ್ರಾಂಶ

ಎರಡನೆಯ ಬಗೆಯಲ್ಲಿ ನಕ್ಷೆಯು ದೂರದಲ್ಲಿರುವ ಒಂದು ಯಂತ್ರದಲ್ಲಿರುತ್ತದೆ. ಇದಕ್ಕೆ ಸರ್ವರ್ ಎಂದು ಹೆಸರು. ಅಲ್ಲಿಂದ ನಕ್ಷೆಯನ್ನು ಕೇಳಿ ಪಡೆದು ತೋರಿಸುವ ಸಾಧನಕ್ಕೆ ಕ್ಲೈಂಟ್ ಎನ್ನುವರು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ೧೯೯೦ರ ದಶಕದಲ್ಲಿ ಹುಟ್ಟಿದ ಮ್ಯಾಪ್‌ಸರ್ವರ್, ೨೦೦೧ರಲ್ಲಿ ಆರಂಭವಾದ ಜಿಯೋಸರ್ವರ್ ಇವು ನಕ್ಷೆಯನ್ನು ಒದಗಿಸುವ ಮುಕ್ತ ತಂತ್ರಾಂಶಗಳು. ೨೦೦೬ರಲ್ಲಿ ಬಂದ ಓಪನ್‌ಲೇಯರ್ಸ್, ಯುಕ್ರೇನಿನ ವ್ಲಾದಿಮಿರ್ ಅಗಾಫೋನ್ಕಿನ್ ಎಂಬವರು ೨೦೧೧ರಲ್ಲಿ ಹೊರತಂದ ಲೀಫ್‌ಲೆಟ್ ಇವು ಬ್ರೌಸರಿನಲ್ಲಿ ನಕ್ಷೆಯನ್ನು ತೋರುವ ಸಾಧನಗಳು.

ಇವುಗಳ ಪ್ರಯೋಜನವು ಸ್ಪಷ್ಟವಾಗಿಯೇ ಇದೆ. ನೋಡುವವರು ಏನನ್ನೂ ಸ್ಥಾಪಿಸಬೇಕಾಗಿಲ್ಲ, ಹೆಚ್ಚಾಗಿ ಕಲಿಯಬೇಕಾಗಿಯೂ ಇಲ್ಲ. ಒಂದೇ ಕಾಲದಲ್ಲಿ ನೂರಾರು ಮಂದಿ ಒಂದೇ ನಕ್ಷೆಯನ್ನು ನೋಡಬಹುದು. ಸರ್ವರಿನಲ್ಲಿ ಒಮ್ಮೆ ತಿದ್ದಿದರೆ ಎಲ್ಲರಿಗೂ ತಿದ್ದಿದ ನಕ್ಷೆಯೇ ಕಾಣುತ್ತದೆ. ಗ್ರಾಮಸಭೆಯಲ್ಲಿ ಕಾಲುವೆಯ ಮಾರ್ಗವನ್ನು ಎಲ್ಲರ ಎದುರಿಗೂ ತೋರಿಸಿ ಅಭಿಪ್ರಾಯವನ್ನು ಕೇಳುವುದಕ್ಕೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಬಾಧಕವೆಂದರೆ, ಇಲ್ಲಿ ಎಲ್ಲವೂ ಜಾಲವನ್ನೂ ದೂರದ ಯಂತ್ರವನ್ನೂ ಅವಲಂಬಿಸಿರುತ್ತದೆ. ಸರ್ವರನ್ನು ನಡೆಸುವವರು ಅದನ್ನು ನಿಲ್ಲಿಸಿದರೆ ನಕ್ಷೆಯು ಪರದೆಯಿಂದ ಮಾಯವಾಗುತ್ತದೆ. ತಂತ್ರಾಂಶವು ಮುಕ್ತವಾದ ಮಾತ್ರಕ್ಕೆ ಸರ್ವರಿನ ಸೇವೆಯೂ ಮುಕ್ತವೆಂದು ಭಾವಿಸಕೂಡದು. ಯಂತ್ರವನ್ನು ನಡೆಸುವ ಖರ್ಚನ್ನು ಯಾರಾದರೊಬ್ಬರು ಹೊರಲೇಬೇಕು.

ಚಿತ್ರಕ್ಕೂ ಮೂಲಕ್ಕೂ ಇರುವ ಭೇದ

ಅಂತರಜಾಲದ ನಕ್ಷೆಯು ಸಾಮಾನ್ಯವಾಗಿ ಸಣ್ಣ ಸಣ್ಣ ಚೌಕಗಳಾಗಿ ಬರುತ್ತದೆ. ಒಂದೊಂದು ಚೌಕದಲ್ಲಿ ವಾಡಿಕೆಯಂತೆ ಉದ್ದಕ್ಕೆ ೨೫೬, ಅಗಲಕ್ಕೆ ೨೫೬ ಚುಕ್ಕೆಗಳಿರುತ್ತವೆ. ಭೂಮಂಡಲವೆಲ್ಲವನ್ನೂ ಮೊದಲ ಮಟ್ಟದಲ್ಲಿ ಒಂದೇ ಚೌಕದಲ್ಲಿ ತೋರಿಸುತ್ತಾರೆ. ಒಂದೊಂದು ಮಟ್ಟ ಹತ್ತಿರಕ್ಕೆ ಹೋದಂತೆಲ್ಲಾ ಚೌಕಗಳು ನಾಲ್ಮಡಿಯಾಗುತ್ತವೆ: ೪, ೧೬, ೬೪ ಹೀಗೆ. ಮನೆ ಮತ್ತು ಬದುಗಳು ಚೆನ್ನಾಗಿ ಕಾಣುವ ೧೮ನೆಯ ಮಟ್ಟದಲ್ಲಿ ಚೌಕಗಳ ಸಂಖ್ಯೆಯು ೬,೮೭೧ ಕೋಟಿಗೂ ಮೀರುತ್ತದೆ. ನೋಡುವವರ ಪರದೆಗೆ ಬೇಕಾದ ಕೆಲವೇ ಚೌಕಗಳು ಮಾತ್ರ ಜಾಲದಲ್ಲಿ ಹರಿದುಬರುವುದರಿಂದಲೇ ಸಾಧಾರಣ ಮೊಬೈಲಿನಲ್ಲೂ ಪ್ರಪಂಚದ ನಕ್ಷೆಯನ್ನು ನೋಡಲು ಸಾಧ್ಯವಾಗಿದೆ.

ಆದರೆ ಇಂತಹ ಚೌಕವು ಬರಿಯ ಚಿತ್ರ. ಅದರಲ್ಲಿ ಕೆರೆಯು ನೀಲಿ ಬಣ್ಣವಾಗಿ ಕಾಣುವುದೇ ಹೊರತು ಆ ಕೆರೆಯ ಗೆರೆಯಾಗಲಿ ವಿವರಗಳಾಗಲಿ ನೋಡುವವರ ಕೈಗೆ ಬರುವುದಿಲ್ಲ. ನಕ್ಷೆಗಳ ವಿನಿಮಯಕ್ಕಾಗಿ ಏರ್ಪಟ್ಟಿರುವ ನಿಯಮಗಳಲ್ಲಿಯೂ ಈ ಭೇದವುಂಟು. ೨೦೦೦ದಲ್ಲಿ ಪ್ರಕಟವಾದ ಡಬ್ಲ್ಯುಎಂಎಸ್ ಎಂಬ ನಿಯಮದ ಮೂಲಕ ಚಿತ್ರವು ಬರುತ್ತದೆ. ೨೦೦೨ರಲ್ಲಿ ಪ್ರಕಟವಾದ ಡಬ್ಲ್ಯುಎಫ್‌ಎಸ್ ಎಂಬುದರ ಮೂಲಕ ಮೂಲದ ಗೆರೆಗಳೂ ವಿವರಗಳೂ ಬರುತ್ತವೆ. ಇಸ್ರೋ ಸಂಸ್ಥೆಯು ೨೦೦೯ರಲ್ಲಿ ಆರಂಭಿಸಿದ ಭುವನ್ ಎಂಬ ಜಾಲತಾಣವು ಭೂಬಳಕೆ ಮುಂತಾದ ನಕ್ಷೆಗಳನ್ನು ಮೊದಲನೆಯ ನಿಯಮದಂತೆ ಒದಗಿಸುತ್ತದೆ. ಅವನ್ನು ಕ್ಯೂಜಿಐಎಸ್‌ನಲ್ಲಿಯೂ ತರಿಸಿಕೊಂಡು ಸ್ವಂತ ನಕ್ಷೆಯ ಕೆಳಗೆ ಹಾಸಿ ನೋಡಬಹುದು. ಆದಕಾರಣ ಮೇಜಿನ ತಂತ್ರಾಂಶವೂ ಜಾಲದ ನಕ್ಷೆಗೆ ಕ್ಲೈಂಟ್ ಆಗಬಲ್ಲದೆಂಬುದನ್ನು ಗಮನಿಸಬೇಕು. ಊಟಕ್ಕೆ ಸಂತೆಯ ಧಾನ್ಯವಾದೀತು. ಬೀಜವು ಮಾತ್ರ ಮನೆಯ ಹಗೇವಿನಲ್ಲಿರುವುದು ಲೇಸು. ಚಿತ್ರವು ಊಟದ ಧಾನ್ಯ, ಮೂಲವು ಬೀಜ.

ವಿಸ್ತೀರ್ಣದ ಲೆಕ್ಕದಲ್ಲಿ ಬರುವ ದೋಷ

ಹಿಡುವಳಿದಾರರು ಮುಖ್ಯವಾಗಿ ತಿಳಿಯತಕ್ಕ ವಿಷಯವಿದು. ಗುಂಡಗಿರುವ ಭೂಮಿಯನ್ನು ಚಪ್ಪಟೆಯಾದ ಪರದೆಯ ಮೇಲೆ ಹರಡುವಾಗ ಎಲ್ಲಿಯಾದರೂ ಹಿಗ್ಗುವಿಕೆಯು ಅನಿವಾರ್ಯ. ಅಂತರಜಾಲದ ಬಹುಪಾಲು ನಕ್ಷೆಗಳು, ೧೫೬೯ರಲ್ಲಿ ಮರ್ಕೇಟರ್ ಎಂಬ ಭೂಗೋಳಜ್ಞನು ಪ್ರಕಟಿಸಿದ ವಿಧಾನದ ಒಂದು ರೂಪಾಂತರವನ್ನು ಅನುಸರಿಸುತ್ತವೆ. ಈ ವಿಧಾನದಲ್ಲಿ ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಭೂಭಾಗಗಳು ಹಿಗ್ಗಿ ಕಾಣುತ್ತವೆ. ೬೦ ಡಿಗ್ರಿ ಅಕ್ಷಾಂಶದಲ್ಲಿ ವಿಸ್ತೀರ್ಣವು ಸುಮಾರು ನಾಲ್ಮಡಿಯಾಗಿ ತೋರುತ್ತದೆ.

ಕರ್ನಾಟಕದಲ್ಲಿ ಈ ದೋಷವು ಅಷ್ಟು ದೊಡ್ಡದಲ್ಲ. ಆದರೂ ಅಲಕ್ಷಿಸುವಂಥದ್ದೂ ಅಲ್ಲ. ಬೆಂಗಳೂರು ಇರುವ ೧೩ ಡಿಗ್ರಿಯ ಸುಮಾರಿನಲ್ಲಿ, ಪರದೆಯ ಮೇಲಿನ ಅಳತೆಯನ್ನೇ ನೆಲದ ಅಳತೆಯೆಂದು ಲೆಕ್ಕಹಾಕಿದರೆ ಒಂದು ಎಕರೆಗೆ ೪೦ ಗುಂಟೆಯ ಬದಲು ೪೨ ಗುಂಟೆಗೂ ಮೀರಿ ಬರುತ್ತದೆ. ಕಲಬುರಗಿಯ ಕಡೆ, ಅಂದರೆ ೧೭ ಡಿಗ್ರಿಯ ಆಚೆಗೆ, ಸುಮಾರು ೪೪ ಗುಂಟೆಯಾಗುತ್ತದೆ. ಹತ್ತು ಎಕರೆಯ ಜಮೀನಿಗೆ ಈ ಲೆಕ್ಕದಿಂದ ಅಲ್ಲಿ ಒಂದು ಎಕರೆಯಷ್ಟು ಇಲ್ಲದ ಭೂಮಿಯು ಹುಟ್ಟಿಕೊಳ್ಳುತ್ತದೆ. ಬೀಜ ಗೊಬ್ಬರಗಳ ಪ್ರಮಾಣವೂ ಗುತ್ತಿಗೆಯ ಮೊಬಲಗೂ ಈ ಅಂಕಿಯನ್ನು ನಂಬಿ ನಿಶ್ಚಯವಾದರೆ ನಷ್ಟವು ಯಾರಿಗಾದರೂ ತಟ್ಟುವುದು ಖಂಡಿತ.

ಜಾಲದ ಎಲ್ಲ ಸಾಧನಗಳೂ ಹೀಗೆ ತಪ್ಪುತ್ತವೆಯೆಂದು ಹೇಳಲಾಗದು. ರಚಿಸಿದವರು ಭೂಮಿಯ ಗುಂಡುತನವನ್ನು ಗಣನೆಗೆ ತಂದುಕೊಂಡಿದ್ದರೆ ಉತ್ತರವು ಸರಿಯಾಗಿಯೇ ಬರುತ್ತದೆ. ಓಪನ್‌ಲೇಯರ್ಸ್‌ನಲ್ಲಿ ಇದಕ್ಕೆ ತಕ್ಕ ಏರ್ಪಾಡು ಇದ್ದೇ ಇದೆ. ಮೇಜಿನ ತಂತ್ರಾಂಶದಲ್ಲಿಯೂ ಅಜಾಗರೂಕತೆಯಿಂದ ಇದೇ ತಪ್ಪನ್ನು ಮಾಡಬಹುದು. ಭೇದವೇನೆಂದರೆ, ಮೇಜಿನ ತಂತ್ರಾಂಶದಲ್ಲಿ ಯಾವ ವಿಧಾನದಿಂದ ಅಳೆಯುತ್ತಿದೆಯೆಂಬುದನ್ನು ಉಪಯೋಗಿಸುವವರೇ ನೋಡಿ ಬದಲಾಯಿಸಬಹುದು. ಕರ್ನಾಟಕದ ಬಹುಭಾಗಕ್ಕೆ ಯುಟಿಎಂ ಪದ್ಧತಿಯ ೪೩ನೆಯ ಉತ್ತರ ವಲಯವು ತಕ್ಕದ್ದು; ೭೮ ಡಿಗ್ರಿ ರೇಖಾಂಶದ ಪೂರ್ವಕ್ಕೆ ಬೀಳುವ ಕೋಲಾರದ ಕಡೆಯ ಗ್ರಾಮಗಳಿಗೆ ೪೪ನೆಯದು. ಬ್ರೌಸರಿನಲ್ಲಿ ನೋಡುವವರಿಗಾದರೋ ರಚಿಸಿದವರ ಆಯ್ಕೆಯು ಸಾಮಾನ್ಯವಾಗಿ ಕಾಣುವುದಿಲ್ಲ.

ಆದಕಾರಣ ಯಾವ ಸಾಧನವನ್ನಾಗಲಿ ನಂಬುವ ಮೊದಲು ಪರೀಕ್ಷಿಸತಕ್ಕದ್ದು. ಸರ್ಕಾರಿ ಅಳತೆಯಿಂದ ವಿಸ್ತೀರ್ಣವು ಖಚಿತವಾಗಿ ತಿಳಿದಿರುವ ನಾಲ್ಕಾರು ಸರ್ವೆ ನಂಬರುಗಳನ್ನು ಆರಿಸಿಕೊಂಡು, ಖರಾಬು ಸೇರಿದ ಒಟ್ಟು ವಿಸ್ತೀರ್ಣವನ್ನು ಸಾಧನವು ತೋರಿಸುವ ಅಂಕಿಯೊಂದಿಗೆ ಹೋಲಿಸಬೇಕು. ಒಂದು ಹೆಚ್ಚು, ಒಂದು ಕಡಿಮೆಯಾಗಿ ಬಂದರೆ ಅದು ಗೆರೆಯೆಳೆಯುವಿಕೆಯ ದೋಷವಾಗಿರಬಹುದು. ಎಲ್ಲವೂ ಒಂದೇ ಪ್ರಮಾಣದಲ್ಲಿ ಹೆಚ್ಚಾಗಿ ಬಂದರೆ ಮೇಲೆ ಹೇಳಿದ ಹಿಗ್ಗುವಿಕೆಯ ದೋಷವಿದೆಯೆಂದು ಶಂಕಿಸಬೇಕು.

ಜಾಲವು ತಪ್ಪಿದಾಗ

ಹೊಲದ ನಡುವೆ, ಗುಡ್ಡದ ಮರೆಯಲ್ಲಿ, ಮಳೆಗಾಲದ ದಿನಗಳಲ್ಲಿ ಜಾಲವು ಸಿಕ್ಕದಿರುವುದು ವಾಡಿಕೆ. ಬ್ರೌಸರನ್ನೇ ನಂಬಿ ಹೊಲಕ್ಕೆ ಹೋದವರು ಬರಿಯ ಪರದೆಯನ್ನು ನೋಡಬೇಕಾದೀತು. ಇದಕ್ಕೆ ಪರಿಹಾರವುಂಟು. ಮೇಜಿನ ಯಂತ್ರದಲ್ಲಿ ಸಿದ್ಧಪಡಿಸಿದ ನಕ್ಷೆಯನ್ನು ಕ್ಯೂಫೀಲ್ಡ್ ಎಂಬ ಮುಕ್ತ ತಂತ್ರಾಂಶದ ಮೂಲಕ ಮೊಬೈಲಿಗೆ ತುಂಬಿಕೊಂಡು ಹೋಗಿ, ಜಾಲವಿಲ್ಲದೆಯೇ ಹೊಲದಲ್ಲಿ ಗುರುತುಮಾಡಿಕೊಂಡು, ಹಿಂದಿರುಗಿದಮೇಲೆ ಮೂಲ ನಕ್ಷೆಗೆ ಸೇರಿಸಬಹುದು.

ಜಾಲದ ಸಾಧನಗಳಿಗೆ ಮತ್ತೊಂದು ಅಪಾಯವೂ ಉಂಟು. ೨೦೦೪ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬವರು ಪ್ರಾರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು ಪ್ರಪಂಚದ ಜನರೇ ಕೂಡಿ ಬರೆಯುವ ನಕ್ಷೆ. ಇದನ್ನು ಬ್ರೌಸರಿನಲ್ಲಿಯೇ ತಿದ್ದುವುದಕ್ಕೆ ಪಾಟ್‌ಲ್ಯಾಚ್ ಎಂಬ ಸಾಧನವು ಬಹಳ ವರ್ಷ ಬಳಕೆಯಲ್ಲಿತ್ತು. ಅದು ಫ್ಲಾಶ್ ಎಂಬ ಬೇರೊಂದು ತಂತ್ರಾಂಶದ ಆಧಾರದ ಮೇಲೆ ನಿಂತಿತ್ತು. ೨೦೨೦ರ ಕೊನೆಗೆ ಫ್ಲಾಶಿನ ಆಧಾರವು ನಿಂತುಹೋದ್ದರಿಂದ ಪಾಟ್‌ಲ್ಯಾಚ್ ಬ್ರೌಸರುಗಳಲ್ಲಿ ತೆರೆಯದಾಯಿತು. ಅದನ್ನು ಮುಂದುವರಿಸುವುದಕ್ಕಾಗಿ ಮೇಜಿನ ಯಂತ್ರದ ತಂತ್ರಾಂಶವನ್ನಾಗಿ ಮಾರ್ಪಡಿಸಬೇಕಾಯಿತು. ಆದರೂ ಆ ಸಾಧನದಿಂದ ಬರೆದ ರಸ್ತೆ, ಹಳ್ಳ, ಊರುಗಳಲ್ಲಿ ಒಂದೂ ನಷ್ಟವಾಗಲಿಲ್ಲ. ಏಕೆಂದರೆ ಮೂಲವು ಬೇರೆಯಾಗಿ ಭದ್ರವಾಗಿತ್ತು. ಸಾಧನವು ಬರುತ್ತದೆ, ಹೋಗುತ್ತದೆ. ಮೂಲವು ಉಳಿಯಬೇಕೆಂಬುದೇ ಇದರಿಂದ ಕಲಿಯತಕ್ಕ ಪಾಠ.

ಎರಡನ್ನೂ ಕೂಡಿಸಿ ನಡೆಸುವ ಕ್ರಮ

ಅದೇ ಓಪನ್‌ಸ್ಟ್ರೀಟ್‌ಮ್ಯಾಪನ್ನು ತಿದ್ದುವುದಕ್ಕೆ ಈಗ ಮುಖ್ಯವಾಗಿ ಎರಡು ಸಾಧನಗಳಿವೆ. ೨೦೧೩ರಲ್ಲಿ ಬಂದ ಐಡಿ ಎಂಬುದು ಬ್ರೌಸರಿನಲ್ಲಿಯೇ ತೆರೆಯುತ್ತದೆ. ಹೊಸಬರು ಅಲ್ಪಕಾಲದಲ್ಲಿಯೇ ಕಲಿತು ತಮ್ಮೂರಿನ ಶಾಲೆಯನ್ನೋ ಬಾವಿಯನ್ನೋ ಸೇರಿಸಬಲ್ಲರು. ಜೆಒಎಸ್‌ಎಂ ಎಂಬುದು ಮೇಜಿನ ಯಂತ್ರದ್ದು. ನುರಿತವರು ಇದರಿಂದ ಬಹು ವಿಸ್ತಾರವಾದ ಕೆಲಸವನ್ನು ಶೀಘ್ರವಾಗಿಯೂ ದೋಷಪರೀಕ್ಷೆಯೊಡನೆಯೂ ಮಾಡುತ್ತಾರೆ. ೨೦೧೦ರ ಜನವರಿ ೧೨ರಂದು ಹೈಟಿ ದೇಶದಲ್ಲಿ ಘೋರವಾದ ಭೂಕಂಪವಾದಾಗ, ಬೇರೆ ಬೇರೆ ದೇಶಗಳ ಸ್ವಯಂಸೇವಕರು ಆ ಕಾಲದ ಬ್ರೌಸರ್ ಸಾಧನದಿಂದಲೂ ಮೇಜಿನ ತಂತ್ರಾಂಶದಿಂದಲೂ ಪೋರ್ಟ್-ಔ-ಪ್ರಿನ್ಸ್ ನಗರದ ಬೀದಿಗಳನ್ನು ಉಪಗ್ರಹಚಿತ್ರಗಳಿಂದ ಕೆಲವೇ ದಿನಗಳಲ್ಲಿ ಬರೆದರು. ಸಹಾಯಕ್ಕೆ ಹೋದವರು ಆ ನಕ್ಷೆಯನ್ನು ಕೈಯಂತ್ರಗಳಲ್ಲಿ ತುಂಬಿಕೊಂಡು ಉಪಯೋಗಿಸಿದರು. ಭಂಡಾರವು ಒಂದೇ ಆಗಿದ್ದು ಸಾಧನಗಳು ಹಲವಾಗಿದ್ದುದರಿಂದ ಇದು ಕೈಗೂಡಿತು.

ಗ್ರಾಮದ ಕೆಲಸಕ್ಕೂ ಇದೇ ಕ್ರಮವು ತಕ್ಕದ್ದು. ಒಂದು ಗ್ರಾಮದವರು ತಮ್ಮ ಕೆರೆ, ಕೋಡಿ, ತೂಬು, ಕಾಲುವೆ ಮತ್ತು ಅಚ್ಚುಕಟ್ಟಿನ ನಕ್ಷೆಯನ್ನು ಸಿದ್ಧಪಡಿಸಬೇಕೆಂದಿದ್ದರೆ ಕೆಳಕಂಡಂತೆ ನಡೆಯುವುದು ಉತ್ತಮ.

(೧) ಗ್ರಾಮನಕ್ಷೆಯ ಪ್ರತಿಯನ್ನು ಮೇಜಿನ ಯಂತ್ರದ ತಂತ್ರಾಂಶದಲ್ಲಿ ಸ್ಥಾನಕ್ಕೆ ಕೂರಿಸಬೇಕು. ನೆಲದಲ್ಲಿ ಈಗಲೂ ಇರುವ ಬಾಂದುಕಲ್ಲುಗಳನ್ನು ಗುರುತಿಗೆ ಇಟ್ಟುಕೊಳ್ಳಬೇಕು. ಸರಳ ವಿಧಾನಕ್ಕೆ ಮೂರು ಗುರುತುಗಳು ಸಾಕಾದರೂ, ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಮಾತ್ರ ತಪ್ಪು ಎಷ್ಟಿದೆಯೆಂಬುದು ಹೊರಬೀಳುತ್ತದೆ.

(೨) ಗೆರೆಗಳನ್ನೂ ವಿವರಗಳನ್ನೂ ಅಲ್ಲಿಯೇ ಬರೆದು, ಸ್ಥಳಕ್ಕೆ ಹೋಗಿ ಸರಿನೋಡಬೇಕು.

(೩) ಮೂಲ ಕಡತವನ್ನು ಕನಿಷ್ಠ ಎರಡು ಬೇರೆ ಸ್ಥಳಗಳಲ್ಲಿ ಕಾದಿರಿಸಬೇಕು. ಶೇಪ್‌ಫೈಲ್ ಎಂಬ ಹಳೆಯ ರೂಪದಲ್ಲಿ ಒಂದು ನಕ್ಷೆಗೆ ಕನಿಷ್ಠ ಮೂರು ಕಡತಗಳಿರುತ್ತವೆ. ಒಂದನ್ನು ಮಾತ್ರ ನಕಲು ಮಾಡಿಕೊಂಡು ಹೋದರೆ ನಕ್ಷೆಯು ಕೆಲಸಕ್ಕೆ ಬಾರದು. ೨೦೧೪ರಲ್ಲಿ ಅಂಗೀಕೃತವಾದ ಜಿಯೋಪ್ಯಾಕೇಜ್ ರೂಪದಲ್ಲಿ ಎಲ್ಲವೂ ಒಂದೇ ಕಡತದಲ್ಲಿರುವುದರಿಂದ ಅದೇ ಲೇಸು.

(೪) ಇಷ್ಟಾದಮೇಲೆ ಎಲ್ಲರಿಗೂ ತೋರಿಸಬೇಕಾದ ಭಾಗವನ್ನು ಮಾತ್ರ ಅಂತರಜಾಲದಲ್ಲಿ ಪ್ರಕಟಿಸಬೇಕು. ಹಿಡುವಳಿದಾರರ ಸಾಲ, ಬಾಕಿ, ಮನೆಯ ಸಂಗತಿ ಮುಂತಾದುವನ್ನು ಪ್ರಕಟಿಸಕೂಡದು.

(೫) ಜಾಲವನ್ನು ಉಪಯೋಗಿಸಲಾರದವರಿಗಾಗಿ ಕಾಗದದ ಮೇಲೆ ಮುದ್ರಿಸಿದ ಪ್ರತಿಯೊಂದನ್ನು ಪಂಚಾಯಿತಿಯ ಕಟ್ಟಡದಲ್ಲಿ ತೂಗುಹಾಕುವುದು ಒಳ್ಳೆಯದು.

ಒಂದು ಎಚ್ಚರಿಕೆ

ಕರ್ನಾಟಕದಲ್ಲಿ ದಿಶಾಂಕ್ ಎಂಬ ಮೊಬೈಲ್ ಸಾಧನವು ನಿಂತ ಸ್ಥಳದ ಸರ್ವೆ ನಂಬರನ್ನು ತೋರಿಸುತ್ತದೆ. ಇದೂ ಜಾಲದ ಮೂಲಕ ಬರುವ ನಕ್ಷೆಯೇ, ಬಹಳ ಉಪಕಾರಿಯಾದುದು. ಆದರೆ ಸಾಧಾರಣ ಮೊಬೈಲು ಬಯಲಿನಲ್ಲಿಯೂ ತನ್ನ ಸ್ಥಾನವನ್ನು ಸುಮಾರು ೫ ಮೀಟರಿನ, ಅಂದರೆ ೧೬ ಅಡಿಯ ಆಚೆ ಈಚೆಯಲ್ಲಿ ಹೇಳುತ್ತದೆ. ಮರಗಳ ಕೆಳಗೆ ತಪ್ಪು ಇನ್ನೂ ಹೆಚ್ಚು. ಹದಿನಾರು ಅಡಿಯೆಂದರೆ ಅರ್ಧ ಸರಪಳಿ. ನೂರು ಅಡಿ ಉದ್ದದ ಬದುವಿನ ಪಕ್ಕದಲ್ಲಿ ಅರ್ಧ ಸರಪಳಿಯು ಜರುಗಿದರೆ ಒಂದೂವರೆ ಗುಂಟೆಯಷ್ಟು ನೆಲವು ಒಬ್ಬರಿಂದ ಮತ್ತೊಬ್ಬರಿಗೆ ಹೋದಂತಾಗುತ್ತದೆ. ಆದಕಾರಣ ಪರದೆಯ ಮೇಲಿನ ಗೆರೆಯನ್ನು ನೋಡಿ ಬದುವನ್ನು ಕೀಳುವುದಾಗಲಿ, ನೆರೆಯವರ ಮೇಲೆ ಒತ್ತುವರಿಯ ಆರೋಪವನ್ನು ಹೊರಿಸುವುದಾಗಲಿ ಸರ್ವಥಾ ಕೂಡದು. ಅಂತಹ ನಕ್ಷೆಯು ಸಂಶಯವನ್ನು ಹುಟ್ಟಿಸಲು ಸಾಕು, ತೀರ್ಮಾನಕ್ಕೆ ಸಾಲದು. ಸಂಶಯವಿದ್ದಲ್ಲಿ ಭೂಮಾಪನ ಇಲಾಖೆಗೆ ಹದ್ದುಬಸ್ತಿಗಾಗಿ ಅರ್ಜಿಯನ್ನು ಕೊಟ್ಟು, ಎರಡು ಕಡೆಯವರ ಎದುರಿನಲ್ಲಿ ಅಳತೆಮಾಡಿಸಿಕೊಳ್ಳುವುದೇ ಸರಿಯಾದ ಮಾರ್ಗ.

ಸಾರಾಂಶ

ನಕ್ಷೆಯನ್ನು ಬರೆಯುವುದು, ತಿದ್ದುವುದು, ಅಳೆಯುವುದು ಮತ್ತು ಕಾದಿರಿಸುವುದು ಮೇಜಿನ ಯಂತ್ರದ ಕೆಲಸ. ಅದನ್ನು ಹಲವರಿಗೆ ತೋರಿಸುವುದು, ಹಲವರಿಂದ ಸಣ್ಣಪುಟ್ಟ ವಿವರಗಳನ್ನು ಸಂಗ್ರಹಿಸುವುದು ಅಂತರಜಾಲದ ಕೆಲಸ. ಎತ್ತು ಮಾಡುವ ಕೆಲಸವನ್ನು ಗಾಡಿಯೂ, ಗಾಡಿ ಮಾಡುವ ಕೆಲಸವನ್ನು ಎತ್ತೂ ಮಾಡಲಾರವು. ಎರಡೂ ಕೂಡಿದರೆ ಪಯಣವು ಸುಗಮ. ಪ್ರತಿ ಗ್ರಾಮದಲ್ಲಿಯೂ ಓದುಬರಹ ಬಲ್ಲ ಒಬ್ಬಿಬ್ಬರು ತರುಣರು ಈ ಮುಕ್ತ ತಂತ್ರಾಂಶಗಳನ್ನು ಕಲಿಯುವಂತೆ ಗ್ರಾಮಪ್ರಮುಖರು ಪ್ರೋತ್ಸಾಹವನ್ನು ಕೊಟ್ಟರೆ, ತಂತ್ರಾಂಶಕ್ಕಾಗಿ ಹಣವೇನೂ ಬೇಕಾಗುವುದಿಲ್ಲ. ತಮ್ಮೂರಿನ ನಕ್ಷೆಯ ಮೂಲಪ್ರತಿಯು ತಮ್ಮೂರಿನಲ್ಲಿಯೇ ಇರುವಂತೆ ನೋಡಿಕೊಳ್ಳುವುದು ಅವರ ಕರ್ತವ್ಯಗಳಲ್ಲಿ ಒಂದೆಂದು ಭಾವಿಸತಕ್ಕದ್ದು.